ತಲೆಕೆಳಗಿನ ನಲವತ್ತೊಂದು

"ಅದನ್ನು ಹಿಡಿಯೋದು ಹಾಗಲ್ಲ ಅಪೊಲಿನಮ್ಮ, ಅಲಗು ಕೆಳಗೆ ಬರಬೇಕು," ಅಂದ ಅಮೃತಪ್ಪ.

ಅಪೊಲಿನ್ ಬಾಯಿ ಕೇಳಿಸಿಕೊಂಡರೆ ತಾನೆ. ಬಂದೂಕಿನ ಮೂತಿಗೆ ಸಿಕ್ಕಿಸುವ, ಮೊಳದುದ್ದದ ಜರ್ಮನ್ ಬಯೊನೆಟ್ಟನ್ನು ಬಂಗುಡೆ ಕೊಯ್ಯುವ ಕತ್ತಿಯ ಹಾಗೆ ಅಲಗು ಮೇಲಾಗಿ ಹಿಡಿದು, ಅಡುಗೆಮನೆಯ ಕಿಟಕಿಯ ಬೆಳಕಿಗೆ ಒಡ್ಡಿ, ಹಿಡಿಗೂ ಅಲಗಿಗೂ ನಡುವೆ ಅಡ್ಡ ಕೂತ ಉಕ್ಕಿನ ಪಟ್ಟಿಯನ್ನು ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು. ಚರ್ಚಿನಲ್ಲಿ ಭಾನುವಾರದ ಪೂಜೆ ಮುಗಿಸಿ ಬಂದ ಸೀರೆ ಇನ್ನೂ ಬದಲಾಯಿಸಿರಲಿಲ್ಲ. ಮೇಜಿನ ಮೇಲೆ ಅವರೇ ತಂದಿಟ್ಟ ಸಾರಿನ ಡಬ್ಬ ಆರುತ್ತಿತ್ತು. ಲಂಡನ್ನಿನ ಅಂಚಿನ ಕ್ರೋಯ್ಡನ್ನಿನ ಆ ಕಟ್ಟಡದಲ್ಲಿ ಅಮೃತಪ್ಪನ ಬಾಗಿಲು ತಟ್ಟುವವರು ಇಬ್ಬರೇ. ಒಬ್ಬ ಮೀಟರ್ ನೋಡುವವನು. ಇನ್ನೊಬ್ಬರು ಕೆಳಗಿನ ಮಹಡಿಯ, ಕಲ್ಯಾಣಪುರದ ಈ ಅಪೊಲಿನ್ ಬಾಯಿ.

"ಇದೆಂತ ಮಾರಾಯ್ರೆ, ನಿಮ್ಮ ಜರ್ಮನಿಯವರಿಗೆ ಕನ್ನಡ ಬರ್ತಿತ್ತಾ?"

"ಅವರಿಗೆಲ್ಲಿಂದ ಬರ್ಬೇಕು."

"ಮತ್ತೆ ಇಲ್ಲಿ ನಲವತ್ತೊಂದು ಅಂತ ಉಂಟಲ್ಲ. ನಮ್ಮ ಇಗರ್ಜಿಯ ಗೀತೆ ಪುಸ್ತಕದಲ್ಲಿ ನಂಬ್ರ ಹೀಗೇ ಇರ್ತಿತ್ತು. ನಾಲ್ಕು, ಒಂದು. ಬೇಕಾದ್ರೆ ನಲವತ್ತೊಂದನೇ ಗೀತೆ ಹಾಡಿಯೂ ತೋರಿಸ್ತೇನೆ."

ಅಮೃತಪ್ಪ ನಕ್ಕ. "ಅದು ಯು, ಎ ಅನ್ನೋ ಅಕ್ಷರ. ಈಟಿ ಹಿಡಿಯೋ ಜರ್ಮನ್ ಕುದುರೆಪಡೆಯವರ ಗುರುತು. ಎರಡು ವರ್ಷದಿಂದ ಇದರ ಹಿಂದೆ ಬಿದ್ದಿದ್ದೀನಿ."

"ಎರಡು ವರ್ಷ ತಲೆಕೆಳಗೆ ನೋಡಿದ್ದೀರಿ ಹಾಗಾದ್ರೆ," ಅಂದು ಅಪೊಲಿನ್ ಬಾಯಿ ಅಲಗು ಮೇಲಾಗಿಯೇ ಅದನ್ನು ಅವನ ಕೈಗಿತ್ತರು.

ಅವನು ನೋಡಿದ. ಬಟ್ಟಲಿನ ಹಾಗೆ ಬಾಯಿ ತೆರೆದು ಕೂತಿದ್ದ ಯು ಮಗುಚಿಕೊಂಡು ಒಂದಾಗಿತ್ತು. ಕಾಲು ಅಗಲಿಸಿ ನಿಂತಿದ್ದ ಸುರುಳಿ ಎ ಕೈ ಮೇಲೆತ್ತಿ ನಾಲ್ಕಾಗಿತ್ತು. ೪೧. ಒಂದನೇ ತರಗತಿಯ ಮಗುವಿಗೂ ಗೊತ್ತಾಗುವಂಥದ್ದು. ಆಸ್ಪತ್ರೆಯ ಎಕ್ಸ್‌ರೇ ಕೋಣೆಯಲ್ಲಿ ಎಡಗೈಗೆ ಎಡದ ಗುರುತು ಹಾಕಿದಿರಾ, ಫಿಲ್ಮು ತಿರುವುಮುರುವಾಗಿಲ್ಲ ತಾನೆ ಎಂದು ದಿನಾ ಹೊಸಬರನ್ನು ಗದರುವ ಮನುಷ್ಯ ಅವನು. 

"ಹೇಳ್ಲಿಕ್ಕೆ ಹೋಗ್ಬೇಡಿ ಯಾರಿಗೂ," ಅಂದರು ಅಪೊಲಿನ್ ಬಾಯಿ, ಅವನ ಮುಖ ನೋಡಿ. "ನಿಮ್ಮ ಕೂಟದ ಆ ಬಿಳಿಯರಿಗೆ ಎಂತ ಗೊತ್ತಾಗ್ತದೆ? ನಾನಂತೂ ಬಾಯಿ ಬಿಡುವುದಿಲ್ಲ. ಸಾರು ಬಿಸಿ ಮಾಡಿ ತಿನ್ನಿ."

ಬಾಯಿ ಬಿಡದಿದ್ದರೆ ಏನು ಸಿಗುತ್ತದೆ ಅನ್ನುವುದು ಅದೇ ಮೇಜಿನ ಮೇಲೆ, ಸಾರಿನ ಡಬ್ಬದ ಅಡಿಯಲ್ಲೇ ಇತ್ತು. ಬಯೊನೆಟ್ ಸಂಗ್ರಾಹಕರ ಕೂಟದ ಪತ್ರಿಕೆಯ ಕರಡು ಪುಟ. ದಪ್ಪ ಅಕ್ಷರದ ತಲೆಬರಹ: 'ಅಮೃತ್ ಮಾರ್ಕ್: ಪಟ್ಟಿಗೆ ಸಿಗದ ಒಂದು ಕುದುರೆಪಡೆ ಗುರುತು'. ಹೊಸ ಗುರುತು ಕಂಡುಹಿಡಿದವರ ಹೆಸರನ್ನು ಗುರುತಿಗೇ ಇಡುವುದು ಆ ಕೂಟದ ವಾಡಿಕೆ. ನಲವತ್ತಾರು ವರ್ಷದ ಬಾಳಿನಲ್ಲಿ ಅಮೃತಪ್ಪನ ಹೆಸರನ್ನು ಯಾರೂ ಯಾವುದಕ್ಕೂ ಇಟ್ಟಿರಲಿಲ್ಲ.

ಅವನು ಆಸ್ಪತ್ರೆ ಕೆಲಸಕ್ಕೆಂದು ಲಂಡನ್ನಿಗೆ ಬಂದು ಇಳಿದ ಮೊದಲ ವರ್ಷ ಕೆಂಟನ್ನಿನಲ್ಲಿ ಕನ್ನಡದವರ ಯುಗಾದಿ ಊಟಕ್ಕೆ ಹೋಗಿದ್ದ. ಎರಡು ವರ್ಷಕ್ಕೇ ಮುರಿದ ಮದುವೆಯನ್ನು ಊರಲ್ಲಿ ಬಿಟ್ಟು ಬಂದವನಿಗೆ ಒಂದಿಷ್ಟು ಕನ್ನಡ ಕಿವಿಗೆ ಬಿದ್ದರೆ ಸಾಕಾಗಿತ್ತು. ಹೋಳಿಗೆ ಬಡಿಸುತ್ತಿದ್ದ ರಾಮಪ್ರಸಾದ ಅನ್ನುವವರು ನಗುನಗುತ್ತಲೇ ಶುರುಮಾಡಿದರು.

"ಅಮೃತಪ್ಪ ಅಂದ್ರೆ... ತುಮಕೂರು ಕಡೆಯವರಾ? ಲಿಂಗಾಯತರಲ್ಲಿ ಇರ್ತಾರಲ್ಲ."

"ಇಲ್ಲ ಸಾರ್, ನಂಜನಗೂಡು."

"ಓ, ನಂಜನಗೂಡು. ನಮ್ಮ ಭಾವನ ಊರು. ನಂಜನಗೂಡಲ್ಲಿ ಯಾವ ಬೀದಿ?"

ಅವನು ಬೀದಿ ಹೇಳಲಿಲ್ಲ. ಹೇಳದ್ದನ್ನೂ ಓದಿಕೊಳ್ಳುವ ವಿದ್ಯೆ ಅವರಿಗಿತ್ತು. ಹೆಸರು, ಊರು, ಮಾತಿನ ಎಳೆತ, ಎಲೆಯ ಮೇಲೆ ಮೊದಲು ಯಾವುದಕ್ಕೆ ಕೈ ಹಾಕುತ್ತಾನೆ ಅನ್ನುವುದು, ಎಲ್ಲ ಸೇರಿಸಿ ಲೆಕ್ಕ ಬಿಡಿಸಿ ಮುಗಿಸಿದ್ದರು. ಏಳು ಸಮುದ್ರ ದಾಟುವಾಗ ಉಪ್ಪಿನಕಾಯಿ ಜಾಡಿಯ ಪಕ್ಕದಲ್ಲೇ ಆ ಪ್ರಶ್ನೆಯನ್ನೂ ಬಟ್ಟೆಯಲ್ಲಿ ಸುತ್ತಿ ತಂದ ಜನ. ಜಾಡಿ ಒಡೆದರೂ ಒಡೆದೀತು, ಪ್ರಶ್ನೆಗೆ ಒಂದು ಬಿರುಕೂ ಬಿದ್ದಿರಲಿಲ್ಲ. ಮುಂದಿನ ವರ್ಷ ಬಡಿಸಲು ಮುಂದಾದವನನ್ನು "ನೀವು ಕುರ್ಚಿ ಜೋಡಿಸಿಬಿಡಿ, ಪಾಪ" ಎಂದು ಆಚೆ ಕಳಿಸಿದರು. ಅವನು ಕುರ್ಚಿ ಜೋಡಿಸಿದ. ಆಮೇಲೆ ಆ ಕಡೆ ತಲೆಹಾಕಲಿಲ್ಲ.

ಬಯೊನೆಟ್ಟಿನ ಕೂಟ ಸಿಕ್ಕಿದ್ದು ಅಕಸ್ಮಾತ್. ಹಳೆ ಸಾಮಾನಿನ ಸಂತೆಯಲ್ಲಿ ಒಂದು ಅಲಗಿನ ಮೇಲಿನ ಅಂಕಿಗಳನ್ನು ನೋಡುತ್ತ ನಿಂತವನಿಗೆ, ಬಸ್ ಡಿಪೊದಿಂದ ನಿವೃತ್ತನಾದ ಕ್ಲೈವ್ ಅನ್ನುವವನು ತಾನಾಗಿ ಬಂದು ಓದಿ ಹೇಳಿದ್ದ. ಮೊದಲ ಅಂಕಿ ರೆಜಿಮೆಂಟು, ನಡುವಿನದು ಕಂಪನಿ, ಕೊನೆಯದು ಆಯುಧದ ಸರದಿ. ಮುಂದೆ ಬಿ ಇದ್ದರೆ ಬವೇರಿಯಾದವರು. ಯು ಇದ್ದರೆ ಈಟಿ ಸವಾರರು. ಅವತ್ತಿನಿಂದ ತಿಂಗಳ ಕೊನೆಯ ಶನಿವಾರ ಮಧ್ಯಾಹ್ನ ಚರ್ಚಿನ ಹಾಲ್‌ನಲ್ಲಿ ಹನ್ನೆರಡು ಜನ ಮುದುಕರ ನಡುವೆ ಅವನೊಬ್ಬ ಕೂರುತ್ತಿದ್ದ. ಅಲ್ಲಿ ಬೀದಿ ಕೇಳುವುದು ಕತ್ತಿಯದ್ದು, ಮನುಷ್ಯನದ್ದಲ್ಲ. ನಾಲ್ಕು ವರ್ಷದಲ್ಲಿ ಅವನನ್ನು ಅವರು ಕೇಳಿದ ಸ್ವಂತ ಪ್ರಶ್ನೆ ಒಂದೇ, ಚಹಾಕ್ಕೆ ಸಕ್ಕರೆ ಎಷ್ಟು.

ಈ ಬಯೊನೆಟ್ಟು ಸಿಕ್ಕಾಗ ಅದರ ಹಿಡಿಗೆ ಒಂದು ಚೀಟಿ ಕಟ್ಟಿತ್ತು: 'ಹೈಫಾ, 1918' ಎಂದು ಇಂಗ್ಲಿಷಿನಲ್ಲಿ, ಯಾರೋ ದೊರೆಯ ಕೈಬರಹ. ಪಟ್ಟಿಯ ಮೇಲೆ ಅಚ್ಚೊತ್ತಿದ ಗುರುತು ನೂರನಲವತ್ತಾರನೇ ಪದಾತಿ ರೆಜಿಮೆಂಟಿನದ್ದು. ಅದರ ಪಕ್ಕದಲ್ಲಿ ಈ ಎರಡು ಅಕ್ಷರ. ಜರ್ಮನಿಯ ದಫ್ತರಗಳಿಗೆ ಹನ್ನೊಂದು ಕಾಗದ ಬರೆದಿದ್ದ. ಗೊತ್ತಿಲ್ಲ, ಗೊತ್ತಿಲ್ಲ ಎಂದೇ ಉತ್ತರ. ಯಾರಿಗೂ ಗೊತ್ತಿಲ್ಲದ್ದು ತನಗೆ ಗೊತ್ತಾಗಿದೆ ಅನ್ನುವ ಸುಖದಲ್ಲಿ ಎಷ್ಟೋ ರಜೆಯ ದಿನಗಳು ಕಳೆದಿದ್ದವು.

ಆ ವಾರವೆಲ್ಲ ಅವನು ಬಾಯಿ ಬಿಡಲಿಲ್ಲ. ಆಸ್ಪತ್ರೆಯಿಂದ ಬಂದು, ಕೋಟೂ ತೆಗೆಯದೆ, ಭೂತಗನ್ನಡಿ ಹಿಡಿದು ಕೂರುತ್ತಿದ್ದ. ಅಚ್ಚಿನಿಂದ ಹೊಡೆದ ಗುರುತಿಗೆ ಅಂಚಿರುತ್ತದೆ. ಈ ನಲವತ್ತೊಂದಕ್ಕೆ ಅಂಚಿರಲಿಲ್ಲ, ಸಾಲಾಗಿ ಚುಕ್ಕಿಗಳಿದ್ದವು. ಮೊಳೆಯ ಮೊನೆ ಇಟ್ಟು ಕಲ್ಲಿನಿಂದ ಕುಟ್ಟಿದ್ದು. ಇದನ್ನು ಅವನ ಕೈ ಬಲ್ಲದು. ನಂಜನಗೂಡಿನ ಹಾಸ್ಟೆಲಿನಲ್ಲಿ ಸೇರಿದ ದಿನವೇ ಎಲ್ಲರೂ ಮಾಡುತ್ತಿದ್ದ ಮೊದಲ ಕೆಲಸ ಅದು, ಅಲ್ಯುಮಿನಿಯಂ ತಟ್ಟೆಯ ತಳಕ್ಕೆ ತಮ್ಮ ನಂಬರು ಕುಟ್ಟಿಕೊಳ್ಳುವುದು. ಹೆಸರು ಬರೆಯುವಷ್ಟು ಮೊಳೆ ನಡೆಯುತ್ತಿರಲಿಲ್ಲ. ನಂಬರಿಲ್ಲದ ತಟ್ಟೆ ಕಂಡವರ ಪಾಲು, ತಟ್ಟೆ ಕಳಕೊಂಡವನು ಎಲ್ಲರೂ ಉಂಡೆದ್ದ ಮೇಲೆ ಉಣ್ಣಬೇಕು.

ಮೈಸೂರಿನ ಕುದುರೆಪಡೆ ಮೊದಲ ಮಹಾಯುದ್ಧದಲ್ಲಿ ಬ್ರಿಟಿಷರ ಪರವಾಗಿ ಹೈಫಾಗೆ ಹೋಗಿತ್ತೆಂದು ಅವನು ಓದಿದ್ದ. ಓದಿಯೂ ಹೊಳೆದಿರಲಿಲ್ಲ, ಅದೇ ಅವನನ್ನು ಚುಚ್ಚುತ್ತಿದ್ದದ್ದು. ಸವಾರರಿಗೆ ಕಲ್ಲಿನ ಕಂಬ, ಹೂವಿನ ಹಾರ. ಕುದುರೆಗಳಿಗೂ ಹೆಸರಿದ್ದವು. ಆ ಕುದುರೆಗಳ ಲದ್ದಿ ಬಾಚಿದವರು, ಹಡಗಿನ ತಳದಲ್ಲಿ ಅವುಗಳ ಕಾಲಡಿ ಮಲಗಿದವರು, ಅವರಿಗೆ ಏನಿತ್ತು? ಅವರಲ್ಲೊಬ್ಬ ಸತ್ತ ಸೈನಿಕನ ಕತ್ತಿ ಎತ್ತಿಕೊಂಡು, ಹಗ್ಗ ಕೊಯ್ಯಲೋ ಹುಲ್ಲು ಕತ್ತರಿಸಲೋ ಇಟ್ಟುಕೊಂಡು, ಇದು ನನ್ನದು ಎಂದು ಕುಟ್ಟಿಟ್ಟಿದ್ದ. ಆಮೇಲೆ ಅದೂ ದೊರೆಯ ಪೆಟ್ಟಿಗೆ ಸೇರಿತು. ಹೀಗೇ ಆಗಿರಬೇಕೆಂದಿಲ್ಲ. ಆದರೆ ಬೇರೆ ಯಾವ ದಾರಿಯಿಂದ ನಂಜನಗೂಡಿನ ತಟ್ಟೆಯ ಅಂಕಿ ಜರ್ಮನ್ ಉಕ್ಕಿನ ಮೇಲೆ ಹತ್ತೀತು?

ಶನಿವಾರ ಟ್ರ್ಯಾಮಿನಲ್ಲಿ ಹೋಗುವಾಗಲೂ ಅವನು ತೀರ್ಮಾನಿಸಿರಲಿಲ್ಲ. ಹಾಲ್‌ನ ಬಾಗಿಲಲ್ಲೇ ಕ್ಲೈವ್ ಹೆಗಲ ಮೇಲೆ ಕೈಯಿಟ್ಟ. "ಬಂದ ನೋಡಿ ನಮ್ಮ ಪ್ರೊಫೆಸರ್. ಕರಡು ನೋಡಿದೆಯಾ ಅಮೃತ್? ಸೋಮವಾರ ಅಚ್ಚಿಗೆ ಹೋಗುತ್ತೆ."

ಹನ್ನೆರಡು ಜನ ಬಿಸ್ಕತ್ತು ಅದ್ದಿಕೊಂಡು ತಿನ್ನುತ್ತ ಅವನಿಗಾಗಿ ಚಪ್ಪಾಳೆ ತಟ್ಟಿದರು. ಆ ಸದ್ದು ಅವನಿಗೆ ಎಷ್ಟು ಹಿತವಾಯಿತೆಂದರೆ, ಒಂದು ಕ್ಷಣ ಅಪೊಲಿನ್ ಬಾಯಿಯ ಮಾತೇ ಸರಿ ಅನ್ನಿಸಿತು.

"ತಪ್ಪಾಗಿದೆ," ಅಂದ ಅಮೃತಪ್ಪ. "ಅದು ಯು, ಎ ಅಲ್ಲ. ನಾನು ತಲೆಕೆಳಗೆ ಓದಿದ್ದೆ. ಅದು ನನ್ನ ಭಾಷೆಯ ಅಂಕಿ."

ಯಾರೋ ನಕ್ಕರು. ಅವನು ಕಾಗದದ ಮೇಲೆ ಒಂದರಿಂದ ಹತ್ತರವರೆಗೆ ಬರೆದು ತೋರಿಸಿದ. ಬಯೊನೆಟ್ಟು ಕೈಯಿಂದ ಕೈಗೆ ದಾಟಿತು, ಎಲ್ಲರೂ ಅಲಗು ಮೇಲೆ ಮಾಡಿ ನೋಡಿದರು. ಹೈಫಾದ ಕಥೆ ಹೇಳಿದ. ಕುದುರೆ ನೋಡಿಕೊಳ್ಳುವವರ ಕಥೆಯನ್ನೂ ಹೇಳಿದ.

"ಅಂದರೆ ಸೈನಿಕನೇ ಅಲ್ಲ," ಅಂದ ಆರ್ಥರ್. ಇತಿಹಾಸದ ಮೇಷ್ಟ್ರಾಗಿದ್ದವನು, ಬಿಳಿ ಗಡ್ಡ. "ಪಾಪ, ನಿನ್ನ ಲೇಖನ ಹೋಯಿತಲ್ಲಯ್ಯ."

"ಚಿಂತೆ ಮಾಡಬೇಡ," ಅಂದ ಕ್ಲೈವ್. "ಮೇಲೆ ಮೇಲೆ ಗೀಚಿದ್ದು. ಸಣ್ಣ ಸ್ಟೀಲ್ ವುಲ್, ಒಂಚೂರು ಎಣ್ಣೆ, ಒಂದು ಗಂಟೆಯ ಕೆಲಸ. ನಾನೇ ಉಜ್ಜಿ ತೆಗೆದುಕೊಡ್ತೀನಿ. ಹೊಸದರ ಹಾಗೆ ಆಗುತ್ತೆ."

ಅವನ ದನಿಯಲ್ಲಿ ಇದ್ದದ್ದು ಬರೀ ಪ್ರೀತಿ. ಅಮೃತಪ್ಪ ಬಯೊನೆಟ್ಟನ್ನು ಮೆಲ್ಲಗೆ ತನ್ನ ಕಡೆಗೆ ಎಳೆದುಕೊಂಡ.

"ಉಜ್ಜಬೇಡ ಕ್ಲೈವ್. ಅದು ಗೀಚಿದ್ದಲ್ಲ. ಗುರುತೇ. ದಾಖಲೆ ಪುಸ್ತಕದಲ್ಲಿ ಹಾಗಂತಲೇ ಬರಿ."

ಕ್ಲೈವ್ ಕೂಟದ ದಾಖಲೆ ಪುಸ್ತಕ ತೆರೆದು, ಗೆರೆ ಹಾಕಿದ ಪುಟದ ಮೇಲೆ ಬೆರಳಿಟ್ಟ. ನಿಯಮದ ಮನುಷ್ಯ. "ಬರೆಯೋಕೆ ನನಗೇನು. ಆದರೆ ಇಲ್ಲಿ ಪಡೆ ಅಂತ ಕಾಲಮ್ ಇದೆ. ಪಡೆ ಯಾವುದು ಅಂತ ಹೇಳಲಾಗದಿದ್ದರೆ ಹಿಂದಿನ ಪುಟಕ್ಕೆ ಹೋಗಬೇಕು, ತುಕ್ಕು, ಹಾನಿ, ಅದರ ಜೊತೆ. ಅವನದ್ದು ಯಾವ ಪಡೆ?"

"ಅವರನ್ನ ಯಾವ ಪಡೆಗೂ ಸೇರಿಸ್ತಿರಲಿಲ್ಲ."

"ಏನೋ ಒಂದು ಇರಲೇಬೇಕಲ್ಲ," ಅಂದ ಆರ್ಥರ್, ಸಹಾಯ ಮಾಡುವವನ ಹಾಗೆ ಮುಂದಕ್ಕೆ ಬಾಗಿ. "ನಿಮ್ಮಲ್ಲಿ ಇಂಥ ಕೆಲಸಕ್ಕೆ ಇಂಥ ಜಾತಿ ಅಂತ ಇರ್ತಿತ್ತು ಎಂದು ಓದಿದ್ದೇನೆ. ಯಾವುದದು? ನೀನು ಯಾವುದು ಅಮೃತ್, ನಾವು ಕೇಳಿಯೇ ಇಲ್ಲ ನೋಡು."

ಕೇಳಿಯೇ ಬಿಟ್ಟರು. ಹೋಳಿಗೆ ಇರಲಿಲ್ಲ, ಭಾವನ ಊರು ಇರಲಿಲ್ಲ, ಬೀದಿಯ ಬಳಸುದಾರಿಯೂ ಇರಲಿಲ್ಲ. ಹನ್ನೆರಡು ಮುಖಗಳು ಯಾವ ಹುನ್ನಾರವೂ ಇಲ್ಲದೆ ಅವನತ್ತ ತಿರುಗಿದ್ದವು. ಉತ್ತರ ಏನೇ ಬಂದರೂ ಅವರಿಗೆ ಒಂದೇ. ಅವನಿಗೆ ಮಾತ್ರ, ನಾಲ್ಕು ವರ್ಷ ಬರೀ ಅಮೃತ್ ಆಗಿ ಕೂತಿದ್ದ ಆ ಪ್ಲಾಸ್ಟಿಕ್ ಕುರ್ಚಿ ಇನ್ನು ಅದೇ ಕುರ್ಚಿಯಲ್ಲ. ಗೊತ್ತಿಲ್ಲ ಅಂದರೆ ಮುಗಿಯಿತು. ನಲವತ್ತೊಂದು ತುಕ್ಕಿನ ಪುಟಕ್ಕೆ ಹೋಗುತ್ತದೆ, ಕ್ಲೈವ್ ಎಣ್ಣೆ ತರುತ್ತಾನೆ.

"ಅವನು ಯಾರು ಅಂತ ನನಗೆ ಖಚಿತವಾಗಿ ಗೊತ್ತಿಲ್ಲ," ಅಂದ. "ಆದರೆ ಲಾಯದ ಕೆಲಸಕ್ಕೆ ನಮ್ಮ ಕೇರಿಯಿಂದ ಕರಕೊಂಡು ಹೋಗ್ತಿದ್ದರು ಅಂತ ನಮ್ಮಜ್ಜ ಹೇಳೋರು. ನಮ್ಮವರನ್ನ."

"ನಿಮ್ಮವರು ಅಂದರೆ?"

ಹೇಳಿದ. ಒಂದೇ ಪದ. ಇಂಗ್ಲಿಷಿನ ನಡುವೆ ಅದು ಯಾವುದೋ ಊರಿನ ಹೆಸರಿನಂತೆ ಕೇಳಿಸಿತು. ಯಾರ ಹುಬ್ಬೂ ಏರಲಿಲ್ಲ. ಒಬ್ಬ ಬಿಸ್ಕತ್ತಿನ ತಟ್ಟೆಯನ್ನು ಪಕ್ಕದವನಿಗೆ ದಾಟಿಸಿದ.

"ಕಾಗುಣಿತ ಹೇಳು," ಅಂದ ಕ್ಲೈವ್, ಪೆನ್ನಿನ ಮುಚ್ಚಳ ತೆಗೆದು.

"ಹೆಚ್," ಅಂದ ಅಮೃತಪ್ಪ. "ಓ. ಎಲ್."

"ಎಲ್ ಒಂದಾ, ಎರಡಾ?"

"ಒಂದು. ಇ. ವೈ. ಎ."

ಕ್ಲೈವ್ ತುಟಿ ಆಡಿಸುತ್ತ ಒಂದೊಂದೇ ಅಕ್ಷರವನ್ನು ದೊಡ್ಡದಾಗಿ, ದುಂಡಗೆ ಬರೆದ. ಮೇಲಿನ ಸಾಲಿನಲ್ಲಿ ಬವೇರಿಯಾದ ಹನ್ನೆರಡನೇ ರೆಜಿಮೆಂಟಿನವರು, ಅದಕ್ಕೂ ಮೇಲೆ ಸ್ಯಾಕ್ಸನಿಯವರು. ಬರೆದು ಮುಗಿಸಿ ಶಾಯಿಗೆ ಊದಿ, ಪುಸ್ತಕವನ್ನು ಮೇಜಿನ ಮೇಲೆ ಅವನ ಕಡೆಗೆ ತಿರುಗಿಸಿದ. "ಸರಿ ಇದೆಯಾ ನೋಡಿಬಿಡು. ಒಮ್ಮೆ ಬರೆದದ್ದನ್ನು ನಾವು ಅಳಿಸಲ್ಲ."

ಉಳಿದವರು ಕೋಟು ಹಾಕಿಕೊಳ್ಳುತ್ತಿದ್ದರು. ಯಾರೋ ಹೀಟರ್ ಆರಿಸಿದರು. ಅಮೃತಪ್ಪ ಎರಡೂ ಕೈ ಮೇಜಿಗೆ ಊರಿ, ಬಾಗಿ, ಆ ಆರು ಅಕ್ಷರಗಳ ಮೇಲೆ ನಿಧಾನವಾಗಿ ಕಣ್ಣು ಹಾಯಿಸಿದ. ಕಾಗುಣಿತ ಸರಿಯಾಗಿತ್ತು. ಹಿಂದೆ ಹಾಲ್‌ನ ದೀಪಗಳು ಒಂದೊಂದಾಗಿ ಆರುತ್ತ ಬಂದವು. ಕ್ಲೈವ್ ಕೊನೆಯ ಸ್ವಿಚ್ಚಿನ ಮೇಲೆ ಬೆರಳಿಟ್ಟುಕೊಂಡು ಅವನಿಗಾಗಿ ಕಾಯುತ್ತಿದ್ದ.