ಏಳನೆಯ ತಿರುವಿನ ಎರಡು ಸೆಕೆಂಡು

ಬೆಳಗ್ಗೆ ಆರು ಇಪ್ಪತ್ತು. 1988ರ ಫೆಬ್ರವರಿ ಆರು, ಶನಿವಾರ. ಅರಸೀಕೆರೆಯಲ್ಲಿ ಬೋರಯ್ಯನ ಶೆಡ್ಡಿನ ಮುಂದೆ ಬಿಳಿ ಮಾರುತಿಯೊಂದು ಬಾನೆಟ್ ತೆರೆದುಕೊಂಡು ನಿಂತಿತ್ತು. ಅದರಲ್ಲಿ ಏನನ್ನು ಬದಲಿಸಬೇಕೆಂದು ತೀರ್ಮಾನಿಸಿ, ಬದಲಿಸಿ, ಮಧ್ಯಾಹ್ನ ಹನ್ನೆರಡರೊಳಗೆ ಬೇಲೂರಿನಲ್ಲಿ ತಪಾಸಣೆಗೆ ಒಪ್ಪಿಸಬೇಕಿತ್ತು.

ಕಾರು ಹಳೇಬೀಡಿನ ಧರಣಪ್ಪನವರದು. ಓಡಿಸುವವಳು ಅವರ ಮಗಳು ಚಂದ್ರಪ್ರಭಾ, ಇಪ್ಪತ್ತಮೂರು ವರ್ಷ. ಬೇಲೂರಿನ ಮೋಟಾರ್ ಕ್ಲಬ್ಬು ಬಿಕ್ಕೋಡಿನ ಮೇಲಿನ ಎಸ್ಟೇಟ್ ರಸ್ತೆಯಲ್ಲಿ ಪ್ರತಿ ವರ್ಷ ಗುಡ್ಡ ಹತ್ತುವ ಓಟ ನಡೆಸುತ್ತಿತ್ತು: ನಾಲ್ಕು ಕಿಲೋಮೀಟರ್ ಮಣ್ಣಿನ ದಾರಿ, ಹನ್ನೊಂದು ತಿರುವು. ಹಿಂದಿನ ವರ್ಷ ಸಣ್ಣ ಕಾರುಗಳ ವಿಭಾಗದಲ್ಲಿ ಅವಳು ಐದು ನಿಮಿಷ ನಲವತ್ತೆಂಟು ಸೆಕೆಂಡಿನಲ್ಲಿ ಹತ್ತಿದ್ದಳು. ಬೇಲೂರಿನ ಕಾಫಿ ವ್ಯಾಪಾರಿ ಜಯದೇವಪ್ಪ ತನ್ನ ಮಾರುತಿಯಲ್ಲಿ ನಲವತ್ತಾರಕ್ಕೆ ಮುಗಿಸಿದ್ದ. ಈ ಸಲ ಗೆದ್ದವರಿಗೆ ಮದ್ರಾಸಿನ ಓಟಕ್ಕೆ ಹೋಗುವ ಕ್ಲಬ್ಬಿನ ತಂಡದಲ್ಲಿ ಜಾಗ. ಧರಣಪ್ಪನವರು ಮಗಳಿಗೆ ಇನ್ನೊಂದೇ ವರ್ಷ ಅವಕಾಶ ಕೊಟ್ಟಿದ್ದರು.

ಹಿಂದಿನ ವರ್ಷ ಜಗಳಗಳಾದ ಕಾರಣ ಕ್ಲಬ್ಬು ಹೊಸ ನಿಯಮ ಮಾಡಿತ್ತು. ಕಂಪನಿ ಕೊಟ್ಟ ಕಾರಿನಲ್ಲಿ ಒಂದೇ ಒಂದು ಬದಲಾವಣೆ ಮಾಡಬಹುದು. ಎರಡು ಕಂಡರೆ ಪ್ರವೇಶ ರದ್ದು.

"ಜಪಾನಲ್ಲಿ ಇಷ್ಟೇ ಗಾತ್ರದ ಕಾರಿಗೆ ಟರ್ಬೋ ಹಾಕಿದಾರಂತೆ ಅಕ್ಕ," ಎಂದ ತಮ್ಮ ಬ್ರಹ್ಮದೇವ. ಅವನ ಕೈಯಲ್ಲಿ ಬೆಂಗಳೂರಿನಿಂದ ತಂದ ಹಳೆಯ ಪತ್ರಿಕೆಯಿತ್ತು. "ಹೊರಗೆ ಹೋಗೋ ಹೊಗೆಯಿಂದಲೇ ಚಕ್ರ ತಿರುಗಿಸಿ ಇಂಜಿನ್ನಿಗೆ ಗಾಳಿ ತುರುಕ್ತಾರೆ!"

ಬೋರಯ್ಯ ರೈಲ್ವೆಯ ಲೋಕೋ ಶೆಡ್ಡಿನಲ್ಲಿ ಮೂವತ್ತೊಂದು ವರ್ಷ ಫಿಟ್ಟರ್ ಆಗಿದ್ದವನು. "ನಮ್ ಉಗಿ ಇಂಜಿನ್ನೂ ಮುಗಿದ ಉಗಿಯಿಂದ್ಲೇ ಬೆಂಕಿಗೆ ಗಾಳಿ ಎಳೀತಿತ್ತು ಕಣಪ್ಪ. ಹೊಸದೇನೈತೆ ಅದ್ರಲ್ಲಿ? ನಿನ್ ಟರ್ಬೋ ಹಡಗು ಹತ್ತಿ ಬರೋ ವೊತ್ಗೆ ಈ ಗಾಡಿ ತುಕ್ಕು ಹಿಡಿದಿರ್ತದೆ. ಕೈಗೆ ಸಿಗೋದು ಹೇಳು."

ಕೈಗೆ ಸಿಗುವಂಥವು ಮೂರಿದ್ದವು. ಇಂಜಿನ್ನಿನ ಹೆಡ್ ಉಜ್ಜಿಸಿ ಒತ್ತಡ ಹೆಚ್ಚಿಸಬಹುದಿತ್ತು. ಅದಕ್ಕೆ ಹಾಸನದ ಲೇತಿಗೆ ಹೋಗಬೇಕು, ಹೊತ್ತಿಲ್ಲ. ಉಳಿದದ್ದು ಕಾರ್ಬೊರೇಟರಿಗೆ ಹೆಚ್ಚು ಪೆಟ್ರೋಲ್ ಬಿಡುವ ದೊಡ್ಡ ಜೆಟ್, ಇಲ್ಲವೇ ಒಳಗಿನ ತಟ್ಟೆಗಳನ್ನು ತೆಗೆದು ಬೋರಯ್ಯನೇ ಬೆಸುಗೆ ಹಾಕಿಟ್ಟಿದ್ದ ಸೈಲೆನ್ಸರ್.

"ಬಾಯಲ್ಲಿ ಬೇಡ, ಓಡಿಸಿ ನೋಡೋಣ," ಎಂದಳು ಚಂದ್ರಪ್ರಭಾ.

ಮಾಲೇಕಲ್ಲಿನ ಕಡೆಗೆ ಏರುವ ರಸ್ತೆಯಲ್ಲಿ ಒಂದು ಕಿಲೋಮೀಟರ್ ಕಲ್ಲಿನಿಂದ ಮುಂದಿನ ಕಲ್ಲಿನವರೆಗೆ ಓಟ. ಬ್ರಹ್ಮದೇವನ ಕೈಯಲ್ಲಿ ಶಾಲೆಯ ಸ್ಟಾಪ್‌ವಾಚ್. ಪ್ರತಿಯೊಂದಕ್ಕೂ ಎರಡು ಸಲ ಓಡಿಸಿ, ನಿಧಾನವಾದದ್ದನ್ನು ಲೆಕ್ಕಕ್ಕೆ ಹಿಡಿದರು. ಇದ್ದ ಹಾಗೆಯೇ ಓಡಿಸಿದಾಗ 51.2 ಸೆಕೆಂಡು. ದೊಡ್ಡ ಜೆಟ್ ಹಾಕಿದಾಗ 52. ಬೋರಯ್ಯ ಪ್ಲಗ್ ಬಿಚ್ಚಿ ತೋರಿಸಿದ. ತುದಿ ಮಸಿಯಂತೆ ಕಪ್ಪಾಗಿತ್ತು. "ಪೆಟ್ರೋಲ್ ಜಾಸ್ತಿ ಕುಡುದ್ಬುಟ್ಟು ತೇಗ್ತಾ ಐತೆ. ಬಿಚ್ಚು."

ಸೈಲೆನ್ಸರ್ ಹಾಕಿದಾಗ ಕಾರು ಲಾರಿಯಂತೆ ಗುಡುಗಿತು. 49.6.

"ಒಂದೂವರೆ ಸೆಕೆಂಡು! ಒಂದೇ ಕಿಲೋಮೀಟರಿಗೆ!" ಬ್ರಹ್ಮದೇವ ರಸ್ತೆಯ ನಡುವೆಯೇ ಕುಣಿದ.

ಒಂಬತ್ತಕ್ಕೆ ಮೂವರೂ ಹೊರಟರು. ಹಳೇಬೀಡಿನಲ್ಲಿ ಧರಣಪ್ಪನವರು ಹತ್ತಿಕೊಂಡರು. ಹತ್ತು ಐವತ್ತಕ್ಕೆ ಬೇಲೂರು.

ತಪಾಸಣೆ ಮಾಡುತ್ತಿದ್ದವರು ನಂಜುಂಡಯ್ಯ, ನಿವೃತ್ತ ಓವರ್‌ಸಿಯರ್. ಅವರು ಮಾರುತಿಯ ಕೆಳಗೆ ಟಾರ್ಚ್ ಹಿಡಿದು ಮಲಗಿ, ಏಳುವಾಗ ಎರಡು ಬೆರಳು ತೋರಿಸಿದರು.

"ಸೈಲೆನ್ಸರ್ ಒಂದು. ಹಿಂದಿನ ಸ್ಪ್ರಿಂಗು ಎರಡು. ಕಂಪನಿ ಪುಸ್ತಕದಲ್ಲಿ ಇರೋದಕ್ಕಿಂತ ಒಂದೊಂದು ಉಕ್ಕಿನ ಪಟ್ಟಿ ಹೆಚ್ಚಿದೆ, ಎರಡೂ ಕಡೆ."

"ನಾವು ಸ್ಪ್ರಿಂಗ್ ಮುಟ್ಟೇ ಇಲ್ಲ ಸರ್!" ಎಂದ ಬ್ರಹ್ಮದೇವ.

ಧರಣಪ್ಪನವರು ಕನ್ನಡಕ ತೆಗೆದು ಒರೆಸತೊಡಗಿದರು. "ನಾನು ಹಾಕಿಸಿದ್ದು," ಎಂದರು. "ಎಂಬತ್ತಾರರಲ್ಲಿ. ತೆಂಗಿನಕಾಯಿ ಮೂಟೆ ಹಾಕಿದ್ರೆ ಹಿಂದುಗಡೆ ಕೂತ್ಬಿಡ್ತಿತ್ತು. ಕುಲುಮೆ ಕರಿಯಯ್ಯ ಪಟ್ಟಿ ಸೇರಿಸಿಕೊಟ್ಟ."

"ಧರಣಪ್ಪನೋರೆ, ಮಾರುತೀನ ಎತ್ತಿನ ಗಾಡಿ ಮಾಡಿದೀರಲ್ರೀ!" ಪಕ್ಕದಲ್ಲಿ ನಿಂತಿದ್ದ ಜಯದೇವಪ್ಪ ಜೋರಾಗಿ ನಕ್ಕ.

ನಂಜುಂಡಯ್ಯ ಗಡಿಯಾರ ನೋಡಿದರು. "ಹನ್ನೊಂದು ಐದು. ಎರಡರಲ್ಲಿ ಒಂದು ತೆಗೀರಿ. ಹನ್ನೆರಡಕ್ಕೆ ಕಾರು ನಾಲ್ಕು ಚಕ್ರದ ಮೇಲೆ ನಿಂತಿರಬೇಕು. ಇಲ್ಲದಿದ್ರೆ ಹೆಸರು ಹೊಡೆದು ಹಾಕ್ತೀನಿ."

ಬ್ರಹ್ಮದೇವನ ಲೆಕ್ಕ ಸರಳವಾಗಿತ್ತು. ಹಳೆಯ ಸೈಲೆನ್ಸರ್ ಡಿಕ್ಕಿಯಲ್ಲೇ ಇತ್ತು. ಹತ್ತು ನಿಮಿಷದ ಕೆಲಸ. ಪಟ್ಟಿ ಬಿಚ್ಚುವುದಕ್ಕೆ ಒಂದು ಗಂಟೆಯಾದರೂ ಬೇಕು.

ಬೋರಯ್ಯ ಕಾರಿನ ಹಿಂಭಾಗವನ್ನು ಎರಡು ಕೈಯಿಂದ ಅದುಮಿದ. ಅದು ಅಲುಗಲೇ ಇಲ್ಲ. "ಚಂದ್ರಮ್ಮ, ಹೋದ್ವರ್ಸ ಎಲ್ಲಿ ಹಿಂದೆ ಬಿದ್ದೆ ನೀನು?"

"ಏಳನೇ ತಿರುವಲ್ಲಿ. ಉಬ್ಬು ಸಿಕ್ತು, ಹಿಂದಿನ ಚಕ್ರ ಎಗರಿ ಪಕ್ಕಕ್ಕೆ ಹೋಯ್ತು. ಆಕ್ಸಿಲರೇಟರಿಂದ ಕಾಲು ತೆಗೆದೆ. ಆಮೇಲೆ ಪ್ರತಿ ತಿರುವಲ್ಲೂ ತೆಗೆದೆ." ಅವಳು ತಂದೆಯ ಕಡೆ ನೋಡಲಿಲ್ಲ. "ಹುಡುಗಿ ಹೆದರಿದ್ಲು ಅಂದ್ರು ಎಲ್ಲರೂ. ನಾನೂ ಹಾಗೇ ಅಂದುಕೊಂಡಿದ್ದೆ."

"ಹೆದರಿಕೆ ಅಲ್ಲ ಕಣವ್ವ. ಹತ್ತು ಮೂಟೆ ಹೊರೋ ಸ್ಪ್ರಿಂಗು, ಹಿಂದೆ ಹೊರೆ ಇಲ್ಲ. ಕಲ್ಲು ಸಿಕ್ಕುದ್ರೆ ಎಗರ್ದೆ ಇನ್ನೇನ್ ಮಾಡ್ತದೆ? ಬೆಳಗ್ಗೆ ನಾವು ನೆಟ್ಟನೆ ರಸ್ತೇಲಿ ಓಡ್ಸುದ್ವಿ, ಅದ್ಕೇ ನಂಗೂ ತಿಳೀಲಿಲ್ಲ."

ಚಂದ್ರಪ್ರಭಾ ಸೀರೆಯ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿದಳು. "ಪಟ್ಟಿ ಬಿಚ್ಚೋಣ."

"ಅಕ್ಕ, ಆಗದಿದ್ರೆ ಓಟವೇ ಇಲ್ಲ!"

"ಜಾಕ್ ತಾ."

ಹನ್ನೊಂದು ಹತ್ತಕ್ಕೆ ಹಿಂಭಾಗ ಮೇಲೆದ್ದಿತು. ಬೋಲ್ಟುಗಳು ತುಕ್ಕು ಹಿಡಿದಿದ್ದವು. ಸೀಮೆಎಣ್ಣೆ ಸುರಿದು ಸುತ್ತಿಗೆಯಿಂದ ಬಡಿದರು. ಧರಣಪ್ಪನವರು ಬಿಳಿ ಪಂಚೆಯನ್ನು ಮಂಡಿಯ ಮೇಲಕ್ಕೆ ಕಟ್ಟಿ ನೆಲದಲ್ಲಿ ಕೂತು ಸ್ಪ್ಯಾನರ್ ಹಿಡಿದರು. "ಹಾಕಿಸಿದೋನು ನಾನು, ಬಿಚ್ಚೋಕೂ ಬರುತ್ತೆ ಬಿಡಿ," ಎಂದರು. ಎಡಗಡೆಯ ಪಟ್ಟಿ ಹನ್ನೊಂದು ಮೂವತ್ತೆರಡಕ್ಕೆ ಹೊರಬಂತು. ಬಲಗಡೆಯದು ನಲವತ್ತಾರಕ್ಕೆ. ಸುತ್ತ ನಲವತ್ತು ಜನ ಸೇರಿದ್ದರು. ನಿಮಿಷ ಕೂಗುವ ಕೆಲಸವನ್ನು ಯಾರೂ ಹೇಳದೆ ಬ್ರಹ್ಮದೇವ ವಹಿಸಿಕೊಂಡಿದ್ದ.

ಮತ್ತೆ ಬಿಗಿಯುವಾಗ ತೊಡಕಾಯಿತು. ಒಂದು ಪಟ್ಟಿಯಷ್ಟು ದಪ್ಪ ಕಡಿಮೆಯಾಗಿತ್ತು. ನಟ್ಟುಗಳು ಬೋಲ್ಟಿನ ಸುತ್ತು ಮುಗಿಯುವವರೆಗೆ ಹೋದರೂ ಸ್ಪ್ರಿಂಗು ಸಡಿಲವಾಗಿಯೇ ಇತ್ತು.

"ವಾಷರ್ ಬೇಕು! ದಪ್ಪಂದು, ಎಂಟು!" ಬೋರಯ್ಯ ಕಾರಿನ ಕೆಳಗಿನಿಂದ ಕೂಗಿದ.

ತಗಡಿನ ಡಬ್ಬಿಯೊಂದು ನೆಲದ ಮೇಲೆ ಉರುಳಿ ಬಂತು. ಜಯದೇವಪ್ಪ ಎಸೆದದ್ದು. "ತಗೊಳ್ರೀ. ನಾಳೆ ಸೋತಾಗ ವಾಷರ್ ಇರ್ಲಿಲ್ಲ ಅನ್ನೋ ಹಾಗಿಲ್ಲ!"

"ನಾಳೆ ನೀವು ಸೋತಾಗ ಡಬ್ಬಿ ವಾಪಸ್ ಕೊಡ್ತೀವಿ, ಅಣ್ಣ!" ಎಂದಳು ಚಂದ್ರಪ್ರಭಾ. ಜನ ಶಿಳ್ಳೆ ಹೊಡೆದರು.

ಹನ್ನೊಂದು ಐವತ್ತೇಳಕ್ಕೆ ಜಾಕ್ ಇಳಿಯಿತು. ನಂಜುಂಡಯ್ಯ ಮತ್ತೆ ಕೆಳಗೆ ಮಲಗಿ, ಎರಡೂ ಕಡೆಯ ಪಟ್ಟಿ ಎಣಿಸಿ, ಎದ್ದು ಬಂದು ಫಾರಮ್ಮಿನಲ್ಲಿ 'ಬದಲಾವಣೆ: ಸೈಲೆನ್ಸರ್' ಎಂದು ಬರೆದು ಸಹಿ ಹಾಕಿದರು.

ಭಾನುವಾರ ಬೆಳಗ್ಗೆ ಒಂಬತ್ತೂವರೆಗೆ ಬಿಕ್ಕೋಡಿನಲ್ಲಿ ಓಟ ಶುರುವಾಯಿತು. ಜಯದೇವಪ್ಪ ಐದು ನಿಮಿಷ ನಲವತ್ತನಾಲ್ಕು ಸೆಕೆಂಡಿನಲ್ಲಿ ಹತ್ತಿದ. ತನ್ನದೇ ಹಳೆಯ ಸಮಯಕ್ಕಿಂತ ಎರಡು ಸೆಕೆಂಡು ಉತ್ತಮ. ಆಮೇಲೆ ಚಂದ್ರಪ್ರಭಾ. ಮೊದಲ ಮೂರು ತಿರುವುಗಳಲ್ಲಿ ಅವಳು ಅಭ್ಯಾಸಬಲದಿಂದ ಕಾಲು ತೆಗೆದಳು. ನಾಲ್ಕನೆಯದರಲ್ಲಿ ಹಿಂದಿನ ಚಕ್ರಗಳು ಮಣ್ಣನ್ನು ಕಚ್ಚಿ ಹಿಡಿದದ್ದು ಸೀಟಿನಲ್ಲೇ ತಿಳಿಯಿತು. ಐದರಲ್ಲಿ ಅರ್ಧ ತೆಗೆದಳು. ಏಳನೆಯ ತಿರುವಿನ ಬಂಡೆಯ ಮೇಲೆ ನಿಂತಿದ್ದ ಬೋರಯ್ಯನಿಗೆ ಮೊದಲು ಸೈಲೆನ್ಸರಿನ ಗುಡುಗು ಕೇಳಿಸಿತು, ಆಮೇಲೆ ಕಾರು ಕಾಣಿಸಿತು. ಉಬ್ಬು ಹತ್ತಿ ಇಳಿಯುವಾಗಲೂ ಗುಡುಗು ತಗ್ಗಲಿಲ್ಲ. "ಬುಡಬ್ಯಾಡ ಕಣವ್ವ, ಒತ್ತು!" ಎಂದು ಅವನು ಟವೆಲ್ ಬೀಸಿ ಕೂಗಿದ್ದು ಅವಳಿಗೆ ಕೇಳಿಸುವಂತಿರಲಿಲ್ಲ.

ಐದು ನಿಮಿಷ ನಲವತ್ತೊಂದು ಸೆಕೆಂಡು.

ಏಪ್ರಿಲ್ ಎರಡರಂದು ಕ್ಲಬ್ಬಿನ ತಂಡ ಮೂರು ಕಾರುಗಳೊಂದಿಗೆ ಮದ್ರಾಸಿಗೆ ಹೊರಟಿತು. ಮೂರನೆಯದನ್ನು ಚಂದ್ರಪ್ರಭಾ ಓಡಿಸಿದಳು.