ಒಂದೇ ಹೆಸರಿನ ಇಬ್ಬರು

ಮಧ್ಯಾಹ್ನದ ಊಟವಾಗಿ ಶೈಲಾ ಪಾತ್ರೆ ತೊಳೆಯುತ್ತಿದ್ದಾಗ ಬಾಗಿಲ ಗಂಟೆ ಬಾರಿಸಿದ ಸದ್ದಾಯಿತು. ತೆರೆದರೆ ಸಾದಾ ಅಂಗಿಯ ಇಬ್ಬರು ಗಂಡಸರು. ಒಬ್ಬನ ಕಾಲಲ್ಲಿ ಮಾತ್ರ ಪೊಲೀಸರ ಕಂದು ಬೂಟು.

"ಫಿರೋಜ್ ಇಧರಿಚ್ ರಹತಾ?"

ಹೌದು, ನನ್ನ ಗಂಡ, ಆಫೀಸಿಗೆ ಹೋಗಿದ್ದಾರೆ ಎಂದಳು. ಬೂಟಿನವನು ಅವಳ ಹಣೆಯ ಕುಂಕುಮ ನೋಡಿದ, ಗೋಡೆಯ ಮೇಲಿನ ಬಸವಣ್ಣನ ಪಟ ನೋಡಿದ, ಮತ್ತೆ ಅವಳನ್ನು ನೋಡಿದ. ಮನೆಗೆ ಯಾರು ಯಾರು ಬರುತ್ತಾರೆ ಎಂದು ಕೇಳಿ, ಮದುವೆಯ ಫೋಟೋ ಒಂದನ್ನು ಇಸಿದುಕೊಂಡು ಮೆಟ್ಟಿಲಿಳಿದ.

ಊರಲ್ಲಿ ಬಾಂಬು ಸಿಡಿದು ಇನ್ನೂ ವಾರ ಕಳೆದಿರಲಿಲ್ಲ. ಫಿರೋಜ್ ಎಂಬುವನನ್ನು ಹುಡುಕುತ್ತಿದ್ದಾರೆಂದು ಟಿವಿಯವರು ಬೆಳಗಿನಿಂದ ಹೇಳುತ್ತಲೇ ಇದ್ದರು. ಶೈಲಾ ಗಂಡನಿಗೆ ಫೋನ್ ಹಚ್ಚಿದಳು. ಸ್ವಿಚ್ ಆಫ್. ಮತ್ತೆ ಹಚ್ಚಿದಳು. ಸಾಬೂನು ಹತ್ತಿದ ಕೈಯಿಂದ ಮೊಬೈಲು ಜಾರಿ ನೆಲಕ್ಕೆ ಬಿತ್ತು.

ಸದ್ದು ಕೇಳಿ ಮಾವ ಕಾಶಿನಾಥರು ಹೊರಗೆ ಬಂದರು. ಸರ್ಕಾರಿ ದಫ್ತರಖಾನೆಯಲ್ಲಿ ಹಳೆಯ ಪಾರಸಿ ಕಾಗದ ಓದುತ್ತ ನೌಕರಿ ಮುಗಿಸಿದವರು. ಮಗನಿಗೆ ಆ ಹೆಸರಿಟ್ಟವರು ಅವರೇ. ಸಂಬಂಧ ನೋಡಲು ಬಂದಾಗ ಶೈಲಾಳ ತಂದೆ ಹೆಸರು ಕೇಳಿ ಹುಬ್ಬು ಗಂಟಿಕ್ಕಿದ್ದರು. ಕಾಶಿನಾಥರು ಅವರನ್ನು ಕೂರಿಸಿಕೊಂಡು ಹೇಳಿದ್ದರು: ಫಿರೋಜ ಅಂದರೆ ಗೆದ್ದವನು, ಇಸ್ಲಾಂ ಹುಟ್ಟುವ ಮೊದಲೇ ಇರಾನಿನಲ್ಲಿ ಆ ಹೆಸರಿನ ರಾಜನಿದ್ದ, ಕಲಬುರಗಿಯಲ್ಲಿ ಅದೇ ಹೆಸರಿನ ಸುಲ್ತಾನ ಆಳಿದ, ಭೀಮಾ ದಂಡೆಗೆ ಫಿರೋಜಾಬಾದ್ ಕಟ್ಟಿಸಿದ, ನಮ್ಮ ಊರು ಅದರ ಎದುರು ದಂಡೆ, ಪಾರಸಿ ಕವಿಗಳು ಆಕಾಶವನ್ನು ಫಿರೋಜಾ ಹರಳಿನ ನೀಲಿ ಗುಮ್ಮಟ ಅನ್ನುತ್ತಾರೆ, ಹುಟ್ಟಿದಾಗ ಉಸಿರು ಕಟ್ಟಿದ್ದ ಈ ಕೂಸನ್ನು ಉಳಿಸಿದ ಪಾರ್ಸಿ ಡಾಕ್ಟರೂ ಫಿರೋಜ್ ಅಂತಲೇ. ಶೈಲಾಗೆ ಆ ಡಾಕ್ಟರರ ಮಾತೊಂದೇ ಮನಸ್ಸಿಗೆ ನಾಟಿತ್ತು.

ಈಗ ಮುದುಕರು ನೆಲಕ್ಕೆ ಬಿದ್ದ ಮೊಬೈಲು ಎತ್ತಿ ಅವಳ ಕೈಗಿಟ್ಟರು. "ನಡೀರಿ ಮಾವಾರ, ಆಫೀಸಿಗೆ ಹೋಗೂಣು" ಎಂದು ಅವಳೇ ಆಟೋ ಹಿಡಿದಳು. ಮಲ್ಕಾಜ್‌ಗಿರಿಯಿಂದ ಮಾಧಾಪುರದವರೆಗೆ ಕಾಶಿನಾಥರು ಸೀಟಿನ ಮುಂದಿನ ಸರಳನ್ನು ಗಟ್ಟಿಯಾಗಿ ಹಿಡಿದೇ ಕೂತಿದ್ದರು.

ಗಾಜಿನ ಕಟ್ಟಡದ ಕೆಳಗೆ ಕೂತ ಹುಡುಗಿ ಹೆಸರು ಕೇಳುತ್ತಲೇ ದನಿ ತಗ್ಗಿಸಿದಳು. "ಬೆಳಗ್ಗೇನೇ ಕರಕೊಂಡು ಹೋದ್ರು ಮೇಡಂ." ಎಲ್ಲಿಗೆ ಅಂದರೆ ಠಾಣೆಯ ದಿಕ್ಕಿಗೆ ಕೈ ತೋರಿಸಿದಳು. ಮ್ಯಾನೇಜರು ಕೆಳಗೆ ಇಳಿದು ಬರಲೇ ಇಲ್ಲ.

ಠಾಣೆಯ ಬೆಂಚಿನ ಮೇಲೆ ಗಂಡ ಕೂತಿದ್ದ. ಕಾಲಲ್ಲಿ ಚಪ್ಪಲಿ ಇರಲಿಲ್ಲ. ಅವನ ಪಕ್ಕದಲ್ಲಿ ನರೆತ ಗಡ್ಡದ ಇನ್ನೊಬ್ಬ. ಇನ್‌ಸ್ಪೆಕ್ಟರು ಒಳಗಿನಿಂದ "ಫಿರೋಜ್!" ಎಂದು ಕೂಗಿದಾಗ ಇಬ್ಬರೂ ಎದ್ದು ನಿಂತರು.

ಕಾಶಿನಾಥರು ಕೈ ಮುಗಿದು ಮುಂದೆ ಹೋದರು. "ಸಾಬ್, ಯೇ ನಾಮ್..." ಎಂದು ಶುರು ಮಾಡಿದವರು ಅಲ್ಲೇ ನಿಂತರು. ಇರಾನೂ ಬರಲಿಲ್ಲ, ಕಲಬುರಗಿಯೂ ಬರಲಿಲ್ಲ. ಇನ್‌ಸ್ಪೆಕ್ಟರು ಅವರ ಹಣೆಯ ವಿಭೂತಿಯನ್ನೂ, ಅಂಗಿಯ ಗುಂಡಿಯ ಸಂದಿಯಲ್ಲಿ ಕಂಡ ಲಿಂಗದ ಕರಡಿಗೆಯನ್ನೂ ನೋಡಿದರು. ಮೇಜಿನ ಮೇಲೆ ಆ ಮದುವೆ ಫೋಟೋ ಇತ್ತು.

"ಕರಕೊಂಡು ಹೋಗಿ. ಇಂಥ ಹೆಸರು ಯಾಕೆ ಇಡ್ತೀರಿ ನೀವು? ಬದಲಾಯಿಸಿ" ಎಂದು ತೆಲುಗಿನಲ್ಲಿ ಹೇಳಿ ಫೈಲು ಮುಚ್ಚಿದರು.

ಶೈಲಾ ಗಂಡನ ತೋಳು ಹಿಡಿದಳು. ಪೊಲೀಸರ ಮನಸ್ಸು ತಿರುಗುವ ಮೊದಲೇ ಗೇಟು ದಾಟಬೇಕು ಎಂಬುದೊಂದೇ ಅವಳ ತಲೆಯಲ್ಲಿತ್ತು. ಆದರೆ ಗಂಡ ಕದಲಲಿಲ್ಲ.

"ಇವರು ಬೇಗಂ ಬಜಾರದಾಗ ಗಡಿಯಾರ ರಿಪೇರಿ ಮಾಡ್ತಾರ. ನಿನ್ನೆಯಿಂದ ಇಲ್ಲೇ ಅದಾರ. ಮನಿಯವರಿಗೆ ಗೊತ್ತಿಲ್ಲ" ಎಂದ ಗಡ್ಡದವನ ಕಡೆ ನೋಡಿ, ಮೆಲ್ಲಗೆ.

"ನಡೀರಿ ಮೊದಲ" ಎಂದಳು ಅವಳು. ಎಂದ ಮೇಲೆ ಆ ಮನುಷ್ಯನ ಮುಖ ನೋಡಿದಳು. ಅವನು ಏನನ್ನೂ ಬೇಡಲಿಲ್ಲ, ಮತ್ತೆ ಬೆಂಚಿಗೆ ಕೂತು ನೆಲ ನೋಡುತ್ತಿದ್ದ. ಕಾನ್‌ಸ್ಟೇಬಲ್ ಬೆನ್ನು ತಿರುಗಿಸಿದ್ದ ಹೊತ್ತು ಅವಳು ಬಗ್ಗಿ, "ಭಾಯ್‌ಸಾಬ್, ಘರ್ ಕಾ ನಂಬರ್?" ಎಂದಳು. ತನ್ನ ದನಿ ತನಗೇ ಗುರುತಾಗಲಿಲ್ಲ. ಅವನು ಪಿಸುಗುಟ್ಟಿದ.

ಹೊರಗೆ ಬಂದು ರಸ್ತೆಯ ಆಚೆ ನಿಂತು ಫೋನ್ ಹಚ್ಚಿದಳು. ಎತ್ತಿದ ಹೆಂಗಸು ಮಾತು ಪೂರ್ತಿ ಕೇಳಿ, ಅಳಲಿಲ್ಲ. "ಆಪ್ ಕೌನ್?" ಎಂದಳು.

"ನನ್ನ ಗಂಡನ ಹೆಸರೂ ಫಿರೋಜ್" ಎಂದಳು ಶೈಲಾ, ಹಿಂದಿಯಲ್ಲಿ.

"ಅವರನ್ನ ಬಿಟ್ಟರಾ?"

"ಬಿಟ್ಟರು."

"ಹಾಗಾದರೆ ಇವರನ್ನೂ ಬಿಡ್ತಾರೆ" ಎಂದಳು ಆಕೆ, ದನಿಯಲ್ಲಿ ಆಸೆ ತುಂಬಿ. ಶೈಲಾ ಠಾಣೆಯ ವಿಳಾಸ ಹೇಳಿದಳು.

ಆಕೆ ಬಂದು ಠಾಣೆಯೊಳಗೆ ಹೋಗುವವರೆಗೂ ಮೂವರೂ ಅಲ್ಲೇ ಕಾದರು. ಹೋಗೂಣು ಎಂದು ಕಾಶಿನಾಥರು ಒಮ್ಮೆಯೂ ಅನ್ನಲಿಲ್ಲ. ಗಡಿಯಾರದವನು ಮನೆಗೆ ಮರಳಿದ್ದು ಮುಂದಿನ ವಾರ, ಬಲಗೈಗೆ ಪಟ್ಟಿ ಕಟ್ಟಿಕೊಂಡು. ಆ ಸುದ್ದಿಯನ್ನೂ ಆಕೆಯೇ ಫೋನಿನಲ್ಲಿ ತಿಳಿಸಿದಳು.

ಫಿರೋಜ ಕೆಲಸಕ್ಕೆ ಹೋಗುತ್ತಿದ್ದಾನೆ. ಹೆಸರು ಬದಲಾಯಿಸಿಲ್ಲ. ಆದರೆ ಮೊದಲು ಹೆಸರು ಹಿಡಿದೇ ಕೂಗುತ್ತಿದ್ದ ಶೈಲಾ ಈಗ ಸಂತೆಯಲ್ಲಿ, ಬಸ್ಸಿನಲ್ಲಿ ಅವನನ್ನು "ಏ, ಇಲ್ಲಿ ನೋಡ್ರಿ" ಎಂದಷ್ಟೇ ಕರೆಯುತ್ತಾಳೆ.