ಹಿಡಿದವಳ ಕಣ್ಣು

ಬಸ್ಸಿನ ಕಿಟಕಿಯಲ್ಲಿ ಬಿಸಿಲು ಹೊರಳಿತು, ರೆಪ್ಪೆ ಮುಚ್ಚಿದರೂ ಒಳಗೆಲ್ಲ ಕೆಂಪು, ಡಾಕ್ಟರಮ್ಮ ಕಣ್ಣಿಗೆ ಬಿಟ್ಟ ಹನಿ ಇನ್ನೂ ಇಳಿದಿಲ್ಲ, ಪಕ್ಕದಲ್ಲಿ ಗಂಡ ಯೋಗರಾಜ್, ದಾವಣಗೆರೆಯ ಪಿ.ಜೆ. ಬಡಾವಣೆಯ ಆಸ್ಪತ್ರೆಯಿಂದ ನೆಟ್ಟಗೆ ಹರಿಹರಕ್ಕೆ, ಗೇಟಿನ ಕೆಲಸಕ್ಕೆ — ಸುಸ್ತು, ತಲೆ ಆನಿಸೋಣವೆಂದರೆ ಕಿಟಕಿಯ ಸರಳು, ಅದೂ ಕಬ್ಬಿಣವೇ. ದಾವಣಗೆರೆ ಜಿಲ್ಲೆಯಾದದ್ದೇ ಆದದ್ದು, ಎಲ್ಲರಿಗೂ ಹೊಸ ಮನೆ, ಹೊಸ ಗೇಟು, ವಿನೋಬನಗರದ ನಮ್ಮ ವೆಲ್ಡಿಂಗ್ ಶೆಡ್ಡಿನಲ್ಲಿ ಕೈ ಸಾಲದೆ, ಬಾರೇ ಸುಮಾ ಒಂದೀಟು ಹಿಡ್ಕ ಅಂದ, ಹಿಡಿದೆ, ಅವನ ಮುಖಕ್ಕೆ ಕರಿಗಾಜಿನ ಮುಖವಾಡ, ನನಗೆ ಸೆರಗು, ಆ ಕಡಿ ನೋಡು ಸಾಕು ಅನ್ನುತ್ತಿದ್ದ, ನೋಡದೆ ಹಿಡಿದರೆ ಕಬ್ಬಿಣದ ಪಟ್ಟಿ ಜಾರುತ್ತದೆ, ಜಾರಿದರೆ ಬೈಯುತ್ತಾನೆ, ನೋಡುತ್ತಿದ್ದೆ, ಆ ಬಿಳಿ ಬೆಂಕಿಯನ್ನೇ. ಮಲಗಿದರೆ ಕಣ್ಣಲ್ಲಿ ಮರಳು ಹೊಯ್ದ ಹಾಗೆ, ಆಲೂಗಡ್ಡೆ ಬಿಲ್ಲೆ ಇಟ್ಕ, ಎಲ್ಲಾರಿಗೂ ಆಗತೈತೆ ಅನ್ನುತ್ತಿದ್ದಳು ಅತ್ತೆ ಅಂಜಿನವ್ವ, ಬೆಳಗಾದರೆ ಸರಿಹೋಗುತ್ತಿತ್ತು, ಯುಗಾದಿ ಕಳೆದ ಮೇಲೆ ಸರಿಹೋಗಲಿಲ್ಲ — ಪಟ್ಟಿ ನೇರ ಐತೇನು ನೋಡು ಅಂದ, ಬಲಗಣ್ಣು ಮುಚ್ಚಿ ಎಡಗಣ್ಣಲ್ಲಿ ನೋಡಿದೆ, ನಡುವೆ ಬೂದು ಕಲೆ, ತಿರುಗಿದೆ, ಬಾಗಿಲಲ್ಲಿ ಅಂಕಿತಾ, ಜಡೆ ಕಾಣುತ್ತದೆ, ರಿಬ್ಬನ್ನು ಕಾಣುತ್ತದೆ, ನನ್ನ ಮಗಳಿಗೆ ಮುಖವೇ ಇಲ್ಲ.

ಏನು ಕೆಲಸ ಮಾಡ್ತೀರಮ್ಮ ಎಂದು ಡಾಕ್ಟರಮ್ಮ ಕೇಳಿದ್ದು ನನ್ನನ್ನು, ಏನಿಲ್ರಿ, ಮನ್ಯಾಗಿರ್ತಾಳ್ರಿ ಅಂದದ್ದು ಇವನು, ಎಷ್ಟು ಸಲೀಸಾಗಿ, ಎರಡು ವರ್ಷದ ಗೇಟುಗಳೆಲ್ಲ ತಮ್ಮಷ್ಟಕ್ಕೆ ತಾವೇ ನೆಟ್ಟಗೆ ನಿಂತಿದ್ದವೇನೋ ಅನ್ನುವ ಹಾಗೆ, ಆಕೆ ಚೀಟಿ ಬರೆಯತೊಡಗಿದಳು, ಸುಮ್ಮನಿರಬಹುದಿತ್ತು, ಸುಮ್ಮನಿದ್ದು ಸುಮ್ಮನಿದ್ದು ಬಾಯಿಯೂ ದಣಿದಿದೆ — ಇಲ್ರಿ ಮೇಡಂ, ವೆಲ್ಡಿಂಗ್ ಮಾಡೋವಾಗ ನಾನೇ ಕಬ್ಬಿಣ ಹಿಡಿಯಾದು, ದಿನಾ, ಬರಿಗಣ್ಣಲ್ಲಿ. ಪೆನ್ನು ನಿಂತಿತು. ಮತ್ತೆ ಹನಿ, ಮತ್ತೆ ದೀಪ, ಕೊನೆಗೆ, ಎಡಗಣ್ಣಿನ ನಡುಭಾಗ ಸುಟ್ಟಿದೆಯಮ್ಮ, ಅದು ವಾಪಸ್ ಬರಲ್ಲ, ಬಲಗಣ್ಣು ಉಳಿಸ್ಕೊಳ್ಳಿ. ಇವನು ಗೋಡೆಯ ಮೇಲಿನ ಅಕ್ಷರಗಳನ್ನೇ ನೋಡುತ್ತಿದ್ದ, ಕೆಳಗಿನ ಸಾಲಿನವರೆಗೂ ಕಾಣುತ್ತಿತ್ತೇನೋ ಅವನಿಗೆ.

ಹರಿಹರ, ಹರಿಹರ, ಕಂಡಕ್ಟರ್ ಕೂಗಿದ, ಇಳಿದೆವು, ಇಲ್ಲೇ ನಿಂದ್ರು ಅಂದ, ಹಾರ್ಡ್‌ವೇರ್ ಅಂಗಡಿಗೆ ಹೋಗಿ ಪೇಪರು ಸುತ್ತಿದ್ದೇನನ್ನೋ ತಂದ, ಬಿಚ್ಚಿದರೆ ಮುಖವಾಡ, ಹೊಸದು, ಅಂಗಡಿಯ ತುಂಬ ಸಾಲಾಗಿ ನೇತು ಹಾಕಿದ್ದಾರೆ, ಇಲ್ಲಿಂದಲೇ ಕಾಣುತ್ತಿವೆ, ಅಷ್ಟು ದಿನವೂ ಅಲ್ಲೇ ನೇತಾಡುತ್ತಿದ್ದವು. ಇಲ್ಲಿನ ಹನುಮಂತಪ್ಪನವರ ಮನೆಯ ಗೇಟು, ಒಂದು ಕೀಲು ಬಾಕಿ, ನಾಳಿಗೆ ಮಾಡನಾ ಅಂದ, ಬ್ಯಾಡ, ಇವತ್ತೇ ಮುಗಸು, ನಾಳೆ ಮತ್ತೆ ಬಸ್ಸು ಹತ್ತಕ್ಕಾಗಲ್ಲ ನನಗೆ. ಗೇಟಿನ ಮುಂದೆ ನಿಲ್ಲಿಸಿ ಮುಖವಾಡದ ಪಟ್ಟಿಯನ್ನು ಅವನೇ ಹಿಂದಿನಿಂದ ಕಟ್ಟಿದ, ಬಿಗಿ ಆತೇನು, ಕೂದಲು ಸಿಕ್ತೇನು, ಹಿಂಗೆ ಕೇಳಿದ್ದು ಯಾವಾಗಲೋ, ಅಳು ಬರಲಿಲ್ಲ, ಏನೂ ಬರಲಿಲ್ಲ, ಗೇಟು ಹಿಡಿದೆ, ಗಾಜಿನೊಳಗೆ ಗಾಢ ಕತ್ತಲು, ಚಟಚಟ ಸದ್ದು, ಆಮೇಲೆ ಆ ಕತ್ತಲ ನಡುವೆ ಕಣ್ಣು ಸುಟ್ಟ ಆ ಬೆಂಕಿ — ಇಷ್ಟೇನಾ, ಇಷ್ಟೇ ಇಷ್ಟಾ, ಮೆಲ್ಲಗೆ ತೆವಳುತ್ತಾ, ಹೆಸರುಕಾಳಿನಷ್ಟು ಹಸಿರು.